ಅಗ್ಗದ ಬೆಲೆಯೆಂಬ ಶೋಧನೆ

ಇಂಗ್ಲೆಂಡ್ ದೇಶದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ನೇ ಇಸವಿಯಿಂದ 1980ರ ವರೆಗೆ ಎಂ.ಜಿ.ಬಿ. ಎಂಬ ಮೋಟಾರು ಗಾಡಿಯನ್ನು ಮಾಡುತ್ತಿದ್ದರು. ವೇಗವಾಗಿ ವಿಹರಿಸುವದಕ್ಕಾಗಿ ಮಾಡಿದ, ಬಟ್ಟೆಯ ಮಾಡಿನ ಗಾಡಿಯದು. ಮುಚ್ಚಿದ ಮಾಡಿನವುಗಳೂ ಸೇರಿ 5,00,000ಕ್ಕೆ ಮಿಕ್ಕಿ ಆದದ್ದರಿಂದ, ತುಕ್ಕು ಹಿಡಿದು ಕೊಟ್ಟಿಗೆಯಲ್ಲಿ ನಿಂತವುಗಳು ಅಲ್ಲಿ ಇಂದಿಗೂ ಅಗ್ಗಕ್ಕೆ ದೊರೆಯುವದುಂಟು. ಸ್ವಲ್ಪ ದುಡಿದರೆ ಹೊಸದಾಗುವದೆಂದು ಮಾರುವವನು ಹೇಳುವದಕ್ಕೆ ಮೊದಲೇ ಕೊಳ್ಳುವವನ ಮನಸ್ಸು ಹೇಳಿಬಿಡುತ್ತದೆ. ಈ ಶೋಧನೆಯು ಯಾವ ಬಗೆಯದು?

ಎತ್ತಿನ ಗಾಡಿಯ ತಟ್ಟಿ ಹರಿದರೆ ಅಚ್ಚಿಗೆ ಕೇಡಿಲ್ಲ. ಇದರಲ್ಲಾದರೋ ಬೇರೆ ಚೌಕಟ್ಟಿಲ್ಲ, ತಗಡಿನ ಒಡಲೇ ಎಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆಗಳು ಭಾರವನ್ನು ಹೊರುತ್ತವೆ. ಕೆಸರೂ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪೂ ಅವುಗಳೊಳಗೆ ಸೇರಿ, ತುಕ್ಕು ಒಳಗಿನಿಂದ ಹೊರಕ್ಕೆ ಬರುವದು; ಬಣ್ಣದ ಮೇಲೆ ಸಣ್ಣ ಗುಳ್ಳೆ ಕಾಣುವಾಗ ಒಳಗಿನ ತಗಡು ಬಹುಮಟ್ಟಿಗೆ ಹೋಗಿರುವದು. ಆಧಾರ ಕೊಡದೆ ಅದನ್ನು ಕತ್ತರಿಸಿದರೆ ಗಾಡಿಯ ನಡು ಬಗ್ಗಿ ಬಾಗಿಲೇ ಮುಚ್ಚದು. 1798 ಸಿ.ಸಿ.ಯ ಇಂಜಿನು ಸಾಧು. ಅದರ ಬಿಡಿಭಾಗಗಳು ಸಿಕ್ಕುತ್ತವೆ. 1988ರಿಂದ ಹೊಸ ಒಡಲನ್ನೇ ಮಾಡಿ ಮಾರುವದುಂಟು. ಆದರೆ ಅದನ್ನು ಕೊಂಡವನ ಅಗ್ಗವು ಎಲ್ಲಿ ಉಳಿಯಿತು? ಬೆಸುಗೆಯ ಮತ್ತು ಬಣ್ಣದ ಕೂಲಿಯೇ ಗಾಡಿಯನ್ನು ಮಾರಿದರೆ ಬರುವ ಬೆಲೆಯನ್ನು ಮೀರುವದು ಅಪರೂಪವಲ್ಲ.

ಹೋದ ಹಣ ಅವನದೇ ಎನ್ನಬಹುದು. ಆದರೆ ಅವನು ತನ್ನ ಮುಂದಿನ ಶನಿವಾರಗಳನ್ನೆಲ್ಲಾ ಬೆಲೆಯಿಲ್ಲದವುಗಳೆಂದು ಲೆಕ್ಕ ಹಾಕಿದ್ದಾನೆ. ಅವುಗಳಲ್ಲಿ ಅರ್ಧ ಹೆಂಡತಿ ಮಕ್ಕಳವು. ಅವರನ್ನು ಯಾರು ಕೇಳಿದರು? ಅಷ್ಟೇ ಅಲ್ಲದೆ, ಬೆಸುಗೆ ಬಲ್ಲ, ತಾಳ್ಮೆಯುಳ್ಳ, ಎರಡು ವರುಷದ ತರುವಾಯವೂ ಉತ್ಸಾಹ ಕುಂದದ ಒಬ್ಬ ಮನುಷ್ಯನನ್ನು ನಂಬಿ ಅವನು ಹಣವನ್ನು ಸುರಿಯುತ್ತಾನೆ. ಆ ಮನುಷ್ಯನು ತಾನೇ, ಆದರೆ ಅವನಿನ್ನೂ ಹುಟ್ಟಿಲ್ಲ. ಪರರಿಗಾದರೆ ಇಷ್ಟು ಭರವಸದಿಂದ ನಾವು ಒಂದು ಕಾಸನ್ನೂ ಸಾಲ ಕೊಡೆವು. (ಸುಧಾರಿಸುವೆವೆಂದು ಕೊಂಡು ಬಿಚ್ಚಿದ ನಮ್ಮ ಹಳೇ ಗೋಡೆ ಗಡಿಯಾರದ ಚಕ್ರಗಳು ಇನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿವೆ.)

ಆದಾಗ್ಯೂ ಇದನ್ನು ಬರೇ ಮೂರ್ಖತನವೆಂದು ತಳ್ಳಿಬಿಡಲು ನಮಗೆ ಮನಸ್ಸೊಪ್ಪದು. ಪರರು ಬಿಸಾಡಿದ್ದನ್ನು ಎತ್ತಿ ನಿಲ್ಲಿಸುವ ಇಚ್ಛೆಯು ಕೆಟ್ಟದ್ದಲ್ಲ. ಕೈಗೆ ಎಣ್ಣೆ ಹತ್ತುವದೇ ಯಾವನಿಗೆ ಸಂತೋಷವೋ ಅವನು, ಗಾಡಿಯು ಎಂದೂ ಓಡದಿದ್ದರೂ, ಮೋಸಹೋದವನಲ್ಲ. ಮುಗಿದ ಗಾಡಿಯಲ್ಲಿ ಕೂತ ತನ್ನ ರೂಪವನ್ನು ಕೊಂಡವನು ಬೇರೆ. ಇಬ್ಬರೂ ಕೊಟ್ಟ ದುಡ್ಡು ಒಂದೇ, ತಂದು ನಿಲ್ಲಿಸಿದ ಕೊಟ್ಟಿಗೆಯೂ ಒಂದೇ ತರದ್ದು. ತಾನು ಇವರಲ್ಲಿ ಯಾವನೆಂಬದು ಕೊಳ್ಳುವ ದಿವಸ ಅವನಿಗೇ ತಿಳಿಯದು. ಮೊದಲನೆಯ ಚಳಿಗಾಲದ ರಾತ್ರಿ, ತುಕ್ಕು ಹಿಡಿದ ಬೋಲ್ಟು ಮುರಿದು ಕೈಗೆ ಬರುವಾಗ, ಒಬ್ಬನು ಇನ್ನೊಂದು ಉಪಕರಣವನ್ನು ಹುಡುಕುವನು. ಮತ್ತೊಬ್ಬನು ಗಾಡಿಯ ಮೇಲೆ ಹೊದಿಕೆಯನ್ನು ಎಳೆದು ದೀಪವನ್ನು ಆರಿಸುವನು.