ಕ್ಷೇತ್ರವೂ ಬುದ್ಧಿಯೂ



ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಭಗವಂತನು ಈ ಶರೀರವನ್ನು ಕ್ಷೇತ್ರವೆಂದು ಕರೆದಿರುವನು. ಕ್ಷೇತ್ರವೆಂದರೆ ಹೊಲ. ಕೈಕಾಲುಗಳನ್ನು ಹೊಲವೆಂದೊಪ್ಪುವುದು ನಮಗೆ ಕಷ್ಟವಲ್ಲ. ಆದರೆ ಅಹಂಕಾರವನ್ನೂ ಬುದ್ಧಿಯನ್ನೂ ಸಹ ಆತನು ಅದೇ ಲೆಕ್ಕಕ್ಕೆ ಸೇರಿಸಿರುವನಷ್ಟೆ. ಅಲ್ಲಿ ನಾವು ತಡವರಿಸುತ್ತೇವೆ. ಹೊಲದ ಒಂದು ಮೂಲೆಗೆ ರೋಗ ಬೀಳುವಂತೆ ಬುದ್ಧಿಗೂ ಬಿದ್ದೀತೆ? ಬೀಳುವುದೆಂಬುದಕ್ಕೆ ಪಾರ್ಶ್ವವಾಯುವಿನಲ್ಲಿ ಕಾಣುವ ಒಂದು ಅವಸ್ಥೆಯೇ ಸಾಕ್ಷಿ.

ಮಿದುಳಿನ ಬಲಭಾಗಕ್ಕೆ ಪೆಟ್ಟು ತಗಲಿದರೆ ದೇಹದ ಎಡಭಾಗವು ಸ್ವಾಧೀನ ತಪ್ಪುತ್ತದೆ. ಅಂಥವರಲ್ಲಿ ಕೆಲವರಿಗೆ ತಮ್ಮ ಕೈಕಾಲು ಬಿದ್ದುಹೋಗಿರುವ ಸಂಗತಿಯೇ ತಿಳಿಯದು. ಮಾತು ಸ್ಪಷ್ಟ, ಮಕ್ಕಳ ಹೆಸರು ನೆನಪಿನಲ್ಲಿದೆ. ಎಡಗೈ ಎತ್ತಿರೆಂದರೆ “ಎತ್ತಿದೆನಲ್ಲ” ಎನ್ನುವರು. ಕೈಯು ಹಾಸಿಗೆಯ ಮೇಲೆಯೇ ಇರುತ್ತದೆ. ಅದು ತನ್ನ ಕೈಯೇ ಅಲ್ಲವೆನ್ನುವವರೂ ಉಂಟು. 1914ರಲ್ಲಿ ಪ್ಯಾರಿಸಿನ ವೈದ್ಯರಾದ ಜೋಸೆಫ್ ಬಾಬಿನ್ಸ್ಕಿಯವರು ಇದಕ್ಕೆ ಅನೊಸೊಗ್ನೋಸಿಯ, ಎಂದರೆ ರೋಗದ ಅರಿವಿಲ್ಲದಿರುವಿಕೆ, ಎಂದು ಹೆಸರಿಟ್ಟರು.

ವಿದ್ಯಾವಂತರಿಗೆ ಹೀಗಾಗದೆಂದು ಭಾವಿಸಬೇಡಿರಿ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ 1939ರಿಂದ ಕುಳಿತು ಪರರ ಸಾಕ್ಷ್ಯವನ್ನು ತೂಗಿದ ವಿಲಿಯಂ ಡಗ್ಲಸ್ ಅವರಿಗೆ 1974ರ ಡಿಸೆಂಬರ್ 31ರಂದು ಎಡಭಾಗದ ಪಾರ್ಶ್ವವಾಯು ಬಡಿಯಿತು. ತಮಗೆ ಅಂಥದೇನೂ ಆಗಿಲ್ಲವೆಂದೂ ಆ ಕಾಲಿನಿಂದಲೇ ಚೆಂಡು ಒದೆಯುತ್ತಿರುವೆನೆಂದೂ ಅವರು ಪತ್ರಕರ್ತರಿಗೆ ಹೇಳಿದರು. 1975ರ ನವೆಂಬರಿನಲ್ಲಿ ನಿವೃತ್ತರಾಗಬೇಕಾಯಿತು.

ಇದು ಸುಳ್ಳೇ, ಹಟವೇ? ಎಡಗಿವಿಗೆ ತಣ್ಣೀರು ಹಾಯಿಸಿದಾಗ ಕೆಲವರು ಸ್ವಲ್ಪ ಹೊತ್ತು ತಮ್ಮ ಕೈ ಬಿದ್ದಿರುವುದನ್ನು ಒಪ್ಪಿಕೊಂಡು, ಆ ಪರಿಣಾಮವು ಇಳಿದಮೇಲೆ ಮತ್ತೆ ಅಲ್ಲಗಳೆದುದನ್ನು 1987ರಲ್ಲಿ ಇಟಲಿಯ ವೈದ್ಯರು ವರದಿ ಮಾಡಿದರು. (ಮನೆಯಲ್ಲಿ ಮಾಡಿನೋಡತಕ್ಕದ್ದಲ್ಲ.) ಹಟವಾಗಿದ್ದರೆ ತಣ್ಣೀರಿಗೆ ಕರಗುತ್ತಿತ್ತೆ? ಪ್ರವಚನಕಾರರು ಇಂಥವರನ್ನು ಮಾಯೆಗೆ ದೃಷ್ಟಾಂತವಾಗಿ ಹೇಳುವುದುಂಟು, ಹೇಳಲಿ. ಆದರೆ ಹಾಸಿಗೆ ಹಿಡಿದವರ ಮುಂದೆ ಗರ್ವವೆಂದೂ ಕರ್ಮವೆಂದೂ ಜರೆಯುವುದು ಧರ್ಮವಲ್ಲ. ಅರಿಯುವ ಕರಣವೇ ಕೆಟ್ಟವನು ಏನನ್ನು ತಿದ್ದಿಕೊಂಡಾನು?

ಆದುದರಿಂದ ಬಾಯಿ ಸೊಟ್ಟಗಾದುದನ್ನೂ ಕೈ ಜೋತುಬಿದ್ದುದನ್ನೂ ಕಂಡ ಮನೆಯವರ ಕಣ್ಣೇ ಅಲ್ಲಿ ಪ್ರಮಾಣ. “ನನಗೇನೂ ಆಗಿಲ್ಲ, ಬೆಳಗಾಗಲಿ” ಎಂಬ ಮಾತನ್ನು ನಂಬಿ ಕಾಯತಕ್ಕದ್ದಲ್ಲ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗೆ ಕೊಡಬೇಕು; ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮುಂದೆ ಬಹುಮಂದಿಗೆ ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಅರಿವು ಮರಳುತ್ತದೆ. ಅಲ್ಲಿಯವರೆಗೆ ವಾದ ಬೇಡ. ನಡೆಯಬಲ್ಲೆನೆಂದೇ ಎಣಿಸಿ ಎದ್ದು ಬೀಳುವರಾದ ಕಾರಣ, ರಾತ್ರಿ ಅವರ ಮಗ್ಗುಲಲ್ಲಿ ಒಬ್ಬರು ಮಲಗಿರಬೇಕು.