ವೈಭವ ಯಾರದು, ಶೋಕಿ ಯಾರದು?

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಕಾಕಾನ ಮಗಳ ಮದುವೆಯಾಯಿತು. ಕಾಕಾ ಶಹಾಬಾದ್ ಸುತ್ತಲಿನ ಖಣಿಗಳಲ್ಲಿ ಮೂವತ್ತು ವರ್ಷ ಹಾಸುಗಲ್ಲು ತೆಗೆದವರು. ಚಿಂಚೋಳಿ ಕಡೆಯ ಬೀಗರು ಬಂದಿಳಿಯುವ ಹೊತ್ತಿಗೆ ಓಣಿಯ ತುಂಬ ಬಣ್ಣದ ಲೈಟು, ಆಳೆತ್ತರದ ಡಿಜೆ, ಮದುಮಗನಿಗೆ ಬಾಡಿಗೆಯ ಬಿಳಿ ಕುದುರೆ. ಮದುವೆ ಪತ್ರಿಕೆಯ ಮೇಲೆ ಬಂಗಾರದ ಬಣ್ಣದಲ್ಲಿ ‘ಗ್ರ್ಯಾಂಡ್ ರಿಸೆಪ್ಷನ್’ ಎಂದು ಅಚ್ಚಾಗಿತ್ತು. ನನಗೆ ತಡೆಯಲಾಗಲಿಲ್ಲ. ‘ಕಾಕಾ, ಇಷ್ಟೆಲ್ಲ ಶೋಕಿ ಬೇಕಿತ್ತೇನು?’ ಅಂದೆ. ಅವರು ಸಿಟ್ಟಾಗಲಿಲ್ಲ. ‘ತಮ್ಮಾ, ಸಾವ್ಕಾರ್ರು ಮಾಡಿದ್ರ ವೈಭವ ಅಂತೀರಿ. ನಾವ್ ಮಾಡಿದ್ರ ಶೋಕಿ ಏನು?’ ಎಂದು ಕೇಳಿ ಅಡುಗೆಯವರ ಕಡೆ ನಡೆದರು.

ಶಬ್ದಗಳ ಬೆನ್ನು ಹತ್ತುವುದೇ ನನ್ನ ಸಂಶೋಧನೆಯ ಕೆಲಸ. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮರಳಿ ಹಾಸ್ಟೆಲಿಗೆ ಬಂದವನು ನಿಘಂಟುಗಳನ್ನು ತೆರೆದು ಕೂತೆ. ಥಳಕು, ಮೆರುಗು, ಅಬ್ಬರಗಳಿಗೆ ಇಂಗ್ಲಿಷಿನಲ್ಲಿ ಶಬ್ದಗಳ ಜಾತ್ರೆಯೇ ಇದೆ. ಆದರೆ ಅವೆಲ್ಲ ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲ. ‘ಗ್ರ್ಯಾಂಡರ್’, ‘ಸ್ಪ್ಲೆಂಡರ್’, ‘ಮ್ಯಾಗ್ನಿಫಿಸೆನ್ಸ್’ ಅರಮನೆಗೆ ಸೇರಿದವು. ‘ಗಾಡಿ’, ‘ಫ್ಲ್ಯಾಶಿ’, ‘ಟಾಡ್ರಿ’ ಸಂತೆಗೆ ಬಿಟ್ಟವು. ‘ಪಾಂಪ್’ ಬಂದದ್ದು ಮೆರವಣಿಗೆ ಎಂಬ ಅರ್ಥದ ಗ್ರೀಕ್ ಶಬ್ದದಿಂದ. ಅದನ್ನು ರಾಜರ ಪಟ್ಟಾಭಿಷೇಕಕ್ಕೆ ಬಳಸುತ್ತಾರೆ. ಕಾಕಾನ ಓಣಿಯಲ್ಲಿ ಹೊರಟದ್ದೂ ಮೆರವಣಿಗೆಯೇ, ಅದಕ್ಕೆ ಆ ಶಬ್ದ ಸಿಗುವುದಿಲ್ಲ.

‘ಟಾಡ್ರಿ’ಯ ಕಥೆ ಇನ್ನೂ ವಿಚಿತ್ರ. ಏಳನೇ ಶತಮಾನದಲ್ಲಿ ಇಂಗ್ಲೆಂಡಿನ ಈಲಿಯಲ್ಲಿ ಆಡ್ರಿ ಎಂಬ ಸಂತಳಿದ್ದಳು. ಕೊರಳಲ್ಲಿ ಗಡ್ಡೆಯೆದ್ದಾಗ, ಹರೆಯದಲ್ಲಿ ತಾನು ಹಾಕಿಕೊಂಡ ಸರಗಳ ಮೋಹಕ್ಕೆ ಇದು ಶಿಕ್ಷೆ ಎಂದು ಆಕೆ ನಂಬಿದಳಂತೆ. ಮುಂದೆ ಅವಳ ಹೆಸರಿನ ಜಾತ್ರೆಯಲ್ಲೇ ಕೊರಳಿಗೆ ಕಟ್ಟುವ ರೇಷ್ಮೆಯ ಪಟ್ಟಿ ಮಾರಾಟಕ್ಕೆ ಬಂತು. ಹಳ್ಳಿಯ ಹೆಣ್ಣುಮಕ್ಕಳು ಆಸೆಪಟ್ಟು ಕೊಂಡರು. ‘ಸೇಂಟ್ ಆಡ್ರಿ’ ಎಂಬುದು ಬಾಯಿಂದ ಬಾಯಿಗೆ ಸವೆದು ‘ಟಾಡ್ರಿ’ಯಾಗಿ, ಕೊನೆಗೆ ‘ಅಗ್ಗದ ಥಳಕು’ ಎಂಬ ಅರ್ಥಕ್ಕೆ ಇಳಿಯಿತು. ಬಡವರ ಕೊರಳಿಗೆ ಬಂದ ಮೇಲೆ ಸಂತಳ ಹೆಸರೂ ಬೈಗುಳವಾಯಿತು.

ನಮ್ಮಲ್ಲೂ ಹೀಗೇ. ‘ಆಡಂಬರ’ ಎಂಬುದು ಸಂಸ್ಕೃತದಲ್ಲಿ ಮೊದಲು ಒಂದು ಬಗೆಯ ನಗಾರಿಯ ಹೆಸರು. ‘ಶೋಕಿ’ಯ ಬೇರು ಅರಬ್ಬಿಯ ‘ಶೌಕ್’, ಅಂದರೆ ಹಂಬಲ. ಹಂಬಲ ಎಂಬ ಶಬ್ದವನ್ನು ನಾವು ಹೀಯಾಳಿಕೆ ಮಾಡಿಕೊಂಡಿದ್ದೇವೆ. ಆದರೆ ಸೇಡಂ ತಾಲ್ಲೂಕಿನ ಮಳಖೇಡದ ಮಾತು ಬಂದರೆ ನಮ್ಮ ದನಿಯೇ ಬದಲಾಗುತ್ತದೆ. ಕಾಗಿಣಾ ದಂಡೆಯ ಆ ಊರು ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿ. ಅದನ್ನು ‘ರಾಷ್ಟ್ರಕೂಟರ ವೈಭವ’ ಎಂದೇ ಓದಿ ಬೆಳೆದವನು ನಾನು. ಅದರ ಖರ್ಚು ಯಾರ ಹೊಲದ ರಾಶಿಯಿಂದ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ಕಾಕಾನ ಕುದುರೆಯ ಬಾಡಿಗೆಯನ್ನು ಮಾತ್ರ ಕೇಳಿದೆ.

ತೋರಿಕೆ ಯಾವಾಗಲೂ ಪೊಳ್ಳು ಎನ್ನುವವರಿಗೆ 1927ರ ಮಹಾಡ್ ನೆನಪಾಗಬೇಕು. ಆ ವರ್ಷದ ಡಿಸೆಂಬರಿನಲ್ಲಿ ಅಂಬೇಡ್ಕರ್ ಅಲ್ಲಿ ನೆರೆದ ಹೆಣ್ಣುಮಕ್ಕಳಿಗೆ, ಜಾತಿಯ ಗುರುತಾಗಿ ಮೈಮೇಲೆ ಉಳಿದ ಒಡವೆ ಮತ್ತು ಸೀರೆಯುಡುವ ರೀತಿಯನ್ನು ಬಿಡಿ, ಮೇಲ್ಜಾತಿಯ ಹೆಂಗಸರಂತೆ ಉಡಿ ಎಂದು ಹೇಳಿದರು. ಕುದುರೆ ಹತ್ತಿದ ದಲಿತ ಮದುಮಗನನ್ನು ಹೊಡೆದು ಇಳಿಸುವ ಸುದ್ದಿ ಇಂದಿಗೂ ಬರುತ್ತಿರುತ್ತದೆ. ಅಂಥ ನಾಡಿನಲ್ಲಿ ಕುದುರೆ ಎಲ್ಲರಿಗೂ ಬರೀ ಶೋಕಿಯಲ್ಲ. ಕೆಲವರಿಗೆ ಅದು, ನಾವೂ ಈ ಬೀದಿಯವರು ಎಂದು ಹೇಳುವ ರೀತಿ.

ಹಾಗಾದರೆ ನಾನು ಕೇಳಿದ್ದು ಪೂರಾ ತಪ್ಪೇ? ಅಲ್ಲ ಎನ್ನಲು ನನ್ನ ಬಳಿ ಒಂದು ಕಾರಣವಿದೆ, ಅದನ್ನು ಹೇಳಲು ನೋವಾಗುತ್ತದೆ. ಮದುವೆಯ ಸಾಲದ ಬಡ್ಡಿ ಕಟ್ಟಲು ಕಾಕಾನ ಮಗ ಡಿಗ್ರಿ ಎರಡನೇ ವರ್ಷಕ್ಕೇ ಬಿಟ್ಟು ಹೈದರಾಬಾದಿಗೆ ಕೆಲಸಕ್ಕೆ ಹೋದ. ಒಂದು ರಾತ್ರಿಯ ಬೆಳಕಿಗೆ ಒಬ್ಬ ಹುಡುಗನ ಓದು ಉರಿದು ಹೋಯಿತು. ಮಾನಕ್ಕಾಗಿ ಮಾಡಿದ್ದು ಎಂದ ಮಾತ್ರಕ್ಕೆ ಆ ಲೆಕ್ಕ ಅಳಿಸುವುದಿಲ್ಲ. ನನ್ನ ಆತಂಕ ಸರಿ ಇತ್ತು. ಆರಿಸಿದ ಶಬ್ದ ತಪ್ಪಿತ್ತು. ‘ಇದರ ಬೆಲೆಯನ್ನು ಯಾರು ತೆರುತ್ತಾರೆ?’ ಎಂಬ ಪ್ರಶ್ನೆಯನ್ನು ರಾಜನಿಗೂ ಕೇಳಬಹುದು, ಕಾಕಾನಿಗೂ ಕೇಳಬಹುದು. ‘ಶೋಕಿ’ ಎಂಬ ಶಬ್ದವನ್ನು ಮಾತ್ರ ಮೇಲಿನಿಂದ ಕೆಳಕ್ಕೇ ಎಸೆಯಲು ಬರುತ್ತದೆ. ಎಸೆದ ಮೇಲೆ ಮಾತು ಮುಗಿಯುತ್ತದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಂಡವು. ಅದರಲ್ಲಿ ಹನ್ನೆರಡನೇ ಶಾಸನದ ಭಾಗವೂ ಇದೆ. ದಾನ, ಸನ್ಮಾನಗಳಿಗಿಂತ ಒಳಗಿನ ಸಾರ ಬೆಳೆಯುವುದು ದೊಡ್ಡದು, ಅದಕ್ಕೆ ಬೇರು ನಾಲಿಗೆಯ ಸಂಯಮ ಎನ್ನುವುದು ಆ ಶಾಸನದ ಆಶಯ. ಅಶೋಕ ಹೇಳಿದ್ದು ಬೇರೆ ಬೇರೆ ಪಂಥಗಳವರು ಒಬ್ಬರನ್ನೊಬ್ಬರು ಹಳಿಯುವ ವಿಷಯದಲ್ಲಿ. ನನಗೆ ಮಾತ್ರ ಅದು ಮದುವೆ ಮನೆಯಲ್ಲಿ ಆಡಿದ ಮಾತಿಗೂ ತಾಗಿತು. ತೋರಿಕೆಗಿಂತ ಸಾರ ದೊಡ್ಡದು ಎಂಬ ಅರ್ಧವನ್ನು ನಾನು ಕಾಕಾನಿಗೆ ಹೇಳಿದ್ದೆ. ನಾಲಿಗೆಯ ಅರ್ಧ ನನಗಿತ್ತು.

ದೀಪಾವಳಿಗೆ ಕಾಕಾನ ಮನೆಗೆ ಹೋದೆ. ಅವರೇ ತೆಗೆದ ಕಲ್ಲು ಹಾಸಿದ ನೆಲದ ಮೇಲೆ ಎದುರು ಕೂತು, ‘ಕಾಕಾ, ಸಾಲ ಇನ್ನಾ ಎಷ್ಟ್ ಉಳಿದದ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗಿಂದ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿದರು.