ಹಳೆಯ ದಾರಂದ, ಹೊಸ ಮನೆ

ಹೊಸತಾಗಿ ಮನೆ ಕಟ್ಟಿಸುವವರಿಗೆ ಈಚೆಗೆ ಹಳೆಯ ಕಾಲದ ಮೋಹ ಹತ್ತಿದೆ. ಗಲ್ಫಿನ ಹಣ ಬರತೊಡಗಿದ 1970ರ ದಶಕದಿಂದ ನಮ್ಮ ಕಾಸರಗೋಡಿನಲ್ಲಿ ಹಂಚಿನ ಮನೆಯೆಂದರೆ ಬಡತನ, ತಾರಸಿ ಮನೆಯೆಂದರೆ ಏಳಿಗೆ ಎಂಬ ಎಣಿಕೆ ಬೆಳೆದಿತ್ತು. ಈಗ ಅದೇ ತಾರಸಿಯ ಮೇಲೆ ಚಂದಕ್ಕೆಂದು ಹಂಚು ಹೊದೆಸುತ್ತಾರೆ. ಕಾವಿ ಬಣ್ಣದ ನೆಲ, ಹಸುರು ಬಳಿದ ಕಿಟಕಿ, ಪ್ಲಾಸ್ಟಿಕ್ ಬಳ್ಳಿಯಲ್ಲಿ ಹೆಣೆದ ಕುರ್ಚಿ, ಚಾವಡಿಯಲ್ಲಿ ತೂಗುಮಂಚ, ಮೂಲೆಯಲ್ಲೊಂದು ಮಾತಾಡದ ರೇಡಿಯೋ. ಸ್ವಲ್ಪ ಅಲೆದಾಡುವ ಮನಸ್ಸಿದ್ದರೆ ಇದೆಲ್ಲ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಇದರಲ್ಲಿ ತಪ್ಪೇನು ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯದು. ಆದರೂ ನಾವು ಬದುಕದ ಕಾಲವೊಂದನ್ನು ನಮ್ಮ ಗೋಡೆಗಳಿಗೆ ತೊಡಿಸುವುದು ಪ್ರಾಮಾಣಿಕವೇ, ಇನ್ನೊಬ್ಬರ ಮನೆ ಮುರಿದಾಗ ಸಿಕ್ಕಿದ ಕಂಬ ನಮಗೆ ಅಲಂಕಾರವಾಗಬಹುದೇ ಎಂಬ ಶಂಕೆ ಉಳಿದೇ ಉಳಿಯುತ್ತದೆ.

ಮೊದಲು ಬಣ್ಣದ ಮಾತು. ಹಳೆಯ ಮನೆಗಳ ಬಣ್ಣ ದಿಟ್ಟವಾಗಿತ್ತೆಂದು ಇಂದು ಮೆಚ್ಚುತ್ತೇವೆ. ಅಂದಿನವರು ದಿಟ್ಟತನ ತೋರಿಸಲು ಹೊರಟವರಲ್ಲ. ಸಿಮೆಂಟಿಗೆ ಬೆರೆಸಲು ಸುಲಭದಲ್ಲಿ ಸಿಗುತ್ತಿದ್ದುದು ಕೆಂಪು, ಕಪ್ಪು, ಹಸುರು, ಹಳದಿ ಆಕ್ಸೈಡ್ ಪುಡಿಗಳು, ಸುಣ್ಣಕ್ಕಾದರೆ ನೀಲಿ. ಆಯ್ಕೆ ಇಲ್ಲದ್ದೇ ಒಂದು ಶೈಲಿಯಾಯಿತು. ನೆಲದ ಕೆಂಪು ಕಬ್ಬಿಣದ್ದು, ಗೋಡೆಯ ಮುರಕಲ್ಲಿನ ಕೆಂಪೂ ಕಬ್ಬಿಣದ್ದೇ. 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪ್ಪುರಂನಲ್ಲಿ ಕಂಡು ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಜಾತಿಯ ಕಲ್ಲಿಗೇ. ಹಾಗಾಗಿ ಕೆಂಪು ನೆಲ ಇಲ್ಲಿನ ಮಣ್ಣಿಗೆ ಒಗ್ಗುತ್ತದೆ, ಅದನ್ನು ಯಾರೂ ಸೋಗು ಎನ್ನಲಾರರು.

ಆದರೆ ಆ ನೆಲದ ಲೆಕ್ಕ ಪುಡಿಯ ಬೆಲೆಯಲ್ಲಿ ಮುಗಿಯುವುದಿಲ್ಲ. ಗಾರೆ ಹಸಿಯಿರುವಾಗಲೇ ಕರಣೆಯಿಂದ ಮತ್ತೆ ಮತ್ತೆ ತಿಕ್ಕಿ ನುಣುಪು ಮಾಡಬೇಕು. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಅವಸರ ಮಾಡಿದರೆ ಬಿರುಕು. ಈ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ. ನಿಜವಾದ ಹೊಳಪು ಬರುವುದಂತೂ ವರ್ಷಗಟ್ಟಲೆ ಒರಸಿದ ಮೇಲೆ. ಹಳೆಯ ಮನೆಗಳಲ್ಲಿ ದಿನವೂ ಹಾಗೆ ಬಗ್ಗಿ ಒರಸುತ್ತಿದ್ದವರು ಮನೆಯ ಹೆಂಗಸರು, ಇಲ್ಲವೇ ಕೆಲಸದವರು. ಆ ದುಡಿಮೆಯನ್ನು ಯಾರೂ ಖರ್ಚಿನ ಪುಸ್ತಕದಲ್ಲಿ ಬರೆದವರಿಲ್ಲ. ಅಗ್ಗದ ನೆಲವೆಂದು ಹೇಳುವ ಮೊದಲು ಅದು ಯಾರಿಗೆ ಅಗ್ಗ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಂಚಿನ ಕತೆ ಇನ್ನೂ ಸ್ವಾರಸ್ಯದ್ದು. ಸಾಂಪ್ರದಾಯಿಕವೆಂದು ನಾವು ಹೆಮ್ಮೆಪಡುವ ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಮುಳಿಹುಲ್ಲು ಹೊದೆಸುತ್ತಿದ್ದವರ ಕಣ್ಣಿಗೆ ಅದೇ ಆ ಕಾಲದ ಹೊಸ ಸೊಗಸು! ಇದನ್ನು ನೆನೆದರೆ ಅಸಲು ಹಳತು ಯಾವುದೆಂಬ ಜಗಳಕ್ಕೆ ಅರ್ಥವಿಲ್ಲ. ಲಾರಿ ಬೇಕರ್ (1917–2007) ತಿರುವನಂತಪುರದಲ್ಲಿ ಕಟ್ಟಿದ ಮನೆಗಳಲ್ಲಿ ಹಳೆಯ ಹಂಚುಗಳನ್ನು ತಾರಸಿಯ ಕಾಂಕ್ರೀಟಿನೊಳಗೆ ಕೂರಿಸುತ್ತಿದ್ದರು. ಅಷ್ಟು ಜಾಗದ ಕಾಂಕ್ರೀಟು ಉಳಿಯಿತು, ಭಾರ ಇಳಿಯಿತು, ಕೆಳಗಿನಿಂದ ನೋಡಲು ಚಂದವೂ ಆಯಿತು. ಅಲ್ಲಿ ಹಂಚು ಚಂದಕ್ಕೆ ಮೊದಲು ಒಂದು ಕೆಲಸ ಮಾಡುತ್ತದೆ. ತಾರಸಿ ಪೂರ್ತಿ ಎರಕವಾದ ಮೇಲೆ ಅದರ ಮೇಲೆ ಸಿಮೆಂಟಿನಿಂದ ಅಂಟಿಸಿದ ಹಂಚಿಗೆ ಆ ಭಾಗ್ಯವಿಲ್ಲ.

ಹಾಗೆಂದು, ಮೊದಲಿನ ಕೆಲಸವನ್ನೇ ಮಾಡಬೇಕೆಂದು ವಸ್ತುವಿಗೆ ಹಟ ಹಿಡಿಯಲಾಗದು. ಪತ್ತಾಯವನ್ನೇ ತೆಗೆದುಕೊಳ್ಳಿ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಒಂದೇ ಹೆಸರಿನ ಈ ಬತ್ತದ ಪೆಟ್ಟಿಗೆಗೆ ತುಂಬಲು ಬತ್ತವೆಲ್ಲಿದೆ? ಗದ್ದೆಗಳಲ್ಲಿ ಅಡಿಕೆ ಎದ್ದು ನಿಂತಿದೆ. ಪತ್ತಾಯದಲ್ಲಿ ಕಂಬಳಿ, ಚಾಪೆ, ಹಳೆಯ ಪುಸ್ತಕ ತುಂಬಿದರೆ ಅದರ ಆಕಾರಕ್ಕೆ ಗೌರವ ಸಿಕ್ಕಿತೆಂದೇ ನನ್ನ ಭಾವನೆ. ಚಪ್ಪಲಿ ಇಟ್ಟರೆ ನನಗೆ ಸರಿಕಾಣದು. ಅನ್ನ ಇದ್ದ ಜಾಗ ಎಂಬ ನೆನಪು ಅಡ್ಡ ಬರುತ್ತದೆ. ಇದಕ್ಕೆ ತರ್ಕವಿದೆಯೇ ಎಂದರೆ ಹೆಚ್ಚೇನೂ ಇಲ್ಲ.

ಈ ಪತ್ತಾಯ, ಕಂಬ, ಮುಚ್ಚಿಗೆಗಳೆಲ್ಲ ಪೇಟೆಗೆ ಬಂದದ್ದು ಹೇಗೆ? ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ 1975ರ ಕಾನೂನು 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಭೂಮಿಯನ್ನು ಗೆರೆ ಎಳೆದು ಹಂಚಬಹುದು. ನಾಲ್ಕು ಸುತ್ತಿನ ಮನೆಯನ್ನು ಹಂಚುವುದು ಹೇಗೆ? ಕಳಚಿ, ಮಾರಿ, ಹಣವನ್ನು ಹಂಚಿಕೊಂಡರು. ಇದನ್ನು ಕೇಳಿ ನಿಟ್ಟುಸಿರು ಬಿಡುವವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಅಂಥ ಮನೆಗಳ ದಾರಂದ ಬರಿಯ ಕೆತ್ತನೆಯ ಮರವಾಗಿರಲಿಲ್ಲ. ಯಾರು ಒಳಗೆ, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವ ಗೆರೆಯೂ ಅದೇ ಆಗಿತ್ತು. ಗೇಣಿ ಅಳೆಯಲು ಬಂದವನು ಮಳೆಯಲ್ಲಿ ನೆನೆಯುತ್ತ ಅದರ ಹೊರಗೆ ನಿಂತಿದ್ದ.

ಅವನ ಮೊಮ್ಮಗ ಇಂದು ಅಂಥದೊಂದು ದಾರಂದವನ್ನು ಕ್ರಯಕ್ಕೆ ಕೊಂಡನೆಂದು ಇಟ್ಟುಕೊಳ್ಳೋಣ. ಆತ ಅದನ್ನು ತನ್ನ ಮುಂಬಾಗಿಲಿಗೆ ನಿಲ್ಲಿಸಲಿ, ಅಳತೆಗೆ ಸರಿಯಾಗಿ ಕೊಯ್ಯಲಿ, ಹಸುರು ಬಣ್ಣವನ್ನೇ ಬಳಿಯಲಿ, ಹಳತನ್ನು ಕೆಡಿಸಿದೆ ಎನ್ನುವ ಹಕ್ಕು ನನಗಂತೂ ಇಲ್ಲ. ಅದೇ ದಾರಂದವನ್ನು ಮಾರಿದ ಮನೆತನದವನು ಮರಳಿ ಕೊಂಡು, ನಮ್ಮ ಹಿರಿಯರ ವೈಭವವೆಂದು ಬಂದವರಿಗೆ ತೋರಿಸಿದರೆ? ಆಗ ಅಂಗಳದ ಕತೆಯನ್ನೂ ಸೇರಿಸಿ ಹೇಳಬೇಕಾಗುತ್ತದೆ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಅಲ್ಲಿಂದಲೇ ಅಪ್ರಾಮಾಣಿಕತೆ ಶುರುವಾಗುತ್ತದೆ.

ಗಡಿನಾಡಿನವರಾದ ನಮಗೆ ಇನ್ನೊಂದು ಅಲಂಕಾರವೂ ಇದೆ. ಹಳೆಯ ಶೈಲಿಯ ಮನೆಗೆ ಒಪ್ಪುತ್ತದೆಂದು ಹಲಗೆಯ ಮೇಲೆ ಕನ್ನಡದಲ್ಲಿ ಮನೆಯ ಹೆಸರು ಕೆತ್ತಿಸಿ ಗೇಟಿಗೆ ತೂಗುಹಾಕುವುದು. ಅಕ್ಷರ ದುಂಡಗೆ, ನೋಡಲು ಬಲು ಚಂದ. ಆ ಮನೆಯ ಮಕ್ಕಳು ಬೇರೆ ಮಾಧ್ಯಮದಲ್ಲಿ ಕಲಿಯುವವರು, ಅವರಿಗೆ ಅದನ್ನು ಓದಲು ಬಾರದು. ಹಂಚಿಗೆ, ಪತ್ತಾಯಕ್ಕೆ ಕೇಳಿದ ಪ್ರಶ್ನೆಯನ್ನು ಇದಕ್ಕೂ ಕೇಳಬೇಡವೇ? ಹಲಗೆಯನ್ನು ಇಳಿಸಬೇಕೆಂದು ನಾನು ಹೇಳಲಾರೆ. ನೆರೆಯವರಿಗೂ ತಿಳಿಯಲೆಂದು ಪಕ್ಕದಲ್ಲಿ ಮಲಯಾಳದಲ್ಲೂ ಬರೆಸಿದರೆ ಹೆಚ್ಚು ಖರ್ಚೇನೂ ಆಗದು. ಮಕ್ಕಳಿಗೆ ಓದಲು ಕಲಿಸುವುದಕ್ಕೆ ಮಾತ್ರ ಒಂದೆರಡು ಮಳೆಗಾಲದ ಸಂಜೆಗಳು ಬೇಕಾಗುತ್ತವೆ.